ಎಲೆ ಇಲ್ಲ ಅಂದರೆ ಸತ್ತಿದೆ ಅಂತಲ್ಲ

ಯಲಹಂಕದ ಒಂದು ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ನಾಲ್ಕು ವರ್ಷದಿಂದ ನಿಂತಿದ್ದ, ಕೇರ್ ಎಂಬ ಮರುಭೂಮಿಯ ಮುಳ್ಳುಗಿಡವನ್ನು ಮೊನ್ನೆ ಕಿತ್ತು ಹಾಕಿದರಂತೆ. ಮುಳ್ಳಿದೆ, ಎಲೆ ಇಲ್ಲ, ಒಣಗಿ ಹೋಗಿದೆ ಎಂಬುದು ಅವರು ಕೊಟ್ಟ ಕಾರಣ. ಜೋಧ್‌ಪುರದಲ್ಲಿ ಕೂತು ಇದನ್ನು ಕೇಳಿದಾಗ ನಿಜಕ್ಕೂ ಸಂಕಟವಾಯಿತು. ಮುಳ್ಳಿನ ಮಾತು ಒಪ್ಪೋಣ, ಗೇಟಿನ ಹತ್ತಿರ ಮಕ್ಕಳು ಓಡಾಡುತ್ತಾರೆ. ಆದರೆ ಒಣಗಿದೆ ಅನ್ನುವ ಮುಂಚೆ ಯಾರಾದರೂ ಬಗ್ಗಿ ನೋಡಬೇಕಿತ್ತು. ಕೇರ್‌ನ ಕಡ್ಡಿ ಹೊರಗಿನಿಂದಲೇ ಹಸಿರು. ಸತ್ತ ಕಡ್ಡಿ ಬೂದು ಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಬದುಕಿರುವುದು ತಂತಿಯ ಹಾಗೆ ಬಾಗುತ್ತದೆ.

ಈ ಗಿಡಕ್ಕೆ ಸಂಸ್ಕೃತದಲ್ಲಿ ಕರೀರ ಎಂದು ಹೆಸರು, ಸಸ್ಯಶಾಸ್ತ್ರದಲ್ಲಿ ಕ್ಯಾಪರಿಸ್ ಡೆಸಿಡುವಾ. ಎಲೆ ಬರುವುದು ಹೊಸ ಚಿಗುರಿನಲ್ಲಿ ಮಾತ್ರ. ಅದೂ ಒಂದೆರಡು ಸೆಂಟಿಮೀಟರ್ ಉದ್ದದ, ಸೂಜಿಯಂಥ ಸಣ್ಣ ಎಲೆ, ಸುಮಾರು ಒಂದು ತಿಂಗಳಲ್ಲಿ ಉದುರಿ ಹೋಗುತ್ತದೆ. ಉಳಿದ ಕಾಲವೆಲ್ಲ ಬಿಸಿಲು ಹಿಡಿದು ಆಹಾರ ಮಾಡಿಕೊಳ್ಳುವ ಕೆಲಸ ಹಸಿರು ಕಡ್ಡಿಗಳದೇ. ನೀರು ಆವಿಯಾಗಿ ಹೋಗುವ ದೊಡ್ಡ ದಾರಿ ಎಲೆ, ಗಿಡ ಆ ದಾರಿಯನ್ನೇ ಮುಚ್ಚಿಕೊಂಡಿದೆ. ಎಲೆಯ ಬುಡದಲ್ಲಿ ಜೋಡಿ ಮುಳ್ಳು, ನಾಲ್ಕೈದು ಮಿಲಿಮೀಟರ್ ಇರುತ್ತವೆ. ಬೇರು ನೆಲದೊಳಗೆ ಹಲವು ಅಡಿ ಇಳಿಯುತ್ತದೆ, ಅಕ್ಕಪಕ್ಕ ಹರಿದು ಮರಿಗಿಡಗಳನ್ನೂ ಎಬ್ಬಿಸುತ್ತದೆ. ಹೂವು ಇಟ್ಟಿಗೆಗೆಂಪು. ಮಾರ್ಚ್ ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಬಿಡುತ್ತದೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿ: ಅಂಡಾಶಯ ದಳಗಳ ನಡುವೆ ಕೂತಿರುವುದಿಲ್ಲ, ಒಂದು ಉದ್ದನೆಯ ಕಾಲಿನ ಮೇಲೆ ಎದ್ದು ನಿಂತಿರುತ್ತದೆ. ದಳ ಉದುರಿದ ಮೇಲೆ ತೊಟ್ಟಿನ ತುದಿಗೆ ಇನ್ನೊಂದು ತೊಟ್ಟು ಸಿಕ್ಕಿಸಿ ಕಾಯಿ ಇಟ್ಟ ಹಾಗೆ ಕಾಣುತ್ತದೆ.

ಜೋಧ್‌ಪುರದಲ್ಲಿ ಈ ಗಿಡ ಗೊತ್ತಿಲ್ಲದ ಮನೆ ಸಿಗುವುದು ಕಷ್ಟ. ಏಪ್ರಿಲ್ ಕೊನೆಯಿಂದ ತರಕಾರಿ ಗಾಡಿಗಳಲ್ಲಿ ಹಸಿರು ಕಾಯಿ ರಾಶಿ ಬೀಳುತ್ತದೆ. ಬಟಾಣಿಗಿಂತ ಸಣ್ಣದಕ್ಕೆ ಹೆಚ್ಚು ಬೆಲೆ, ಏಕೆಂದರೆ ಕಾಯಿ ದಪ್ಪವಾದಷ್ಟೂ ಒಳಗಿನ ಬೀಜ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಮಿಡಿ ಉಪ್ಪಿನಕಾಯಿಗೆ ನಾವು ತೊಟ್ಟು ಉಳಿಸಿಕೊಳ್ಳುತ್ತೇವೆ, ಇವರು ಕೇರ್‌ನ ತೊಟ್ಟನ್ನು ಒಂದೊಂದಾಗಿ ಬಿಡಿಸಿ ಎಸೆಯುತ್ತಾರೆ. ಹಸಿ ಕಾಯಿ ಕಡುಕಹಿ, ಒಗರು. ಒಂದು ಕೆಜಿ ಕಾಯಿಗೆ ಎರಡು ಲೀಟರ್ ನೀರು, ನೂರು ಗ್ರಾಂ ಉಪ್ಪು ಹಾಕಿ ಮಣ್ಣಿನ ಮಡಕೆಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಬೇಕು. ಉಪ್ಪುನೀರಿನ ಬದಲು ಮಜ್ಜಿಗೆ ಹಾಕುವವರೂ ಇದ್ದಾರೆ. ಹಸಿರು ಹೋಗಿ ಹಳದಿ ಛಾಯೆ ಬಂದ ಮೇಲೆ ಒಂದು ಕಾಯಿ ಕಚ್ಚಿ ನೋಡಿ, ಕಹಿ ಇಳಿದಿದ್ದರೆ ತೊಳೆದು ಬಿಸಿಲಿಗೆ ಹಾಕುತ್ತಾರೆ. ನೀರು ಬದಲಾಯಿಸಲು ಸೋಮಾರಿತನ ಮಾಡಿದರೆ ಕಹಿ ಉಳಿಯುತ್ತದೆ. ಕಾಯಿ ನೀರಿನಿಂದ ಮೇಲೆ ತೇಲಿದರೆ ಬೂಷ್ಟು ಹಿಡಿಯುತ್ತದೆ, ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಇಡಬೇಕು. ಒಣಗಿದ ಕೇರ್ ವರ್ಷವಿಡೀ ಇರುತ್ತದೆ. ಅದಕ್ಕೆ ಸಾಂಗ್ರಿ ಸೇರಿಸಿ ಪಲ್ಯ ಮಾಡುತ್ತಾರೆ. ಸಾಂಗ್ರಿ ಎಂದರೆ ಬೇರೇನೂ ಅಲ್ಲ, ದಸರೆಗೆ ನಾವು ಸೊಪ್ಪು ಹಂಚುವ ಬನ್ನಿಯ ಕಾಯಿ. ನಾವು ಬನ್ನಿ ಕೊಟ್ಟು ಬಂಗಾರ ಎನ್ನುತ್ತೇವೆ, ಇವರು ಅದನ್ನು ತಟ್ಟೆಗೆ ಬಡಿಸುತ್ತಾರೆ.

ಬೆಂಗಳೂರಿನಲ್ಲಿ ಮುಳ್ಳು ಎಂದರೆ ಎಲ್ಲವೂ ಜಾಲಿಯೇ. ಸೈಟಿನಲ್ಲಿ ಕವಳಿ ಇರಲಿ, ಕಾರೆ ಇರಲಿ, ಸೂರಿಮುಳ್ಳೇ ಇರಲಿ, ಜೆಸಿಬಿ ಬಂದರೆ ಎಲ್ಲಕ್ಕೂ ಒಂದೇ ಗತಿ. ಆ ಜಾಗಕ್ಕೆ ಹುಲ್ಲಿನ ಹಾಸು ಬರುತ್ತದೆ, ಬೇಸಿಗೆಯಲ್ಲಿ ಅದಕ್ಕೆ ಟ್ಯಾಂಕರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 97 ಸೆಂಟಿಮೀಟರ್ ಮಳೆ, ಜೋಧ್‌ಪುರಕ್ಕೆ ಸುಮಾರು 36. ಹೆಚ್ಚು ಮಳೆ ಬೀಳುವ ಊರಿನಲ್ಲೇ ಗಿಡಕ್ಕೆ ನೀರು ಕೊಳ್ಳುವ ಸ್ಥಿತಿ ಬಂದಿದೆ, ಇದು ನಾಚಿಕೆಯ ಸಂಗತಿ. ಜೋಧ್‌ಪುರದವರೂ ಮುಳ್ಳು ಕೀಳುತ್ತಾರೆ, ಆದರೆ ಯಾವ ಮುಳ್ಳು ಎಂದು ನೋಡಿ ಕೀಳುತ್ತಾರೆ. ಮೆಹ್ರಾನ್‌ಗಢ ಕೋಟೆಯ ಬುಡದ ರಾವ್ ಜೋಧಾ ಉದ್ಯಾನದಲ್ಲಿ 2006ರಿಂದ ಕಲ್ಲು ಒಡೆಯುವ ಕುಶಲಿಗಳು ಉಳಿ ಸುತ್ತಿಗೆ ಹಿಡಿದು ಬಂಡೆಯ ಸಂದಿನಿಂದ, ಹೊರದೇಶದಿಂದ ಬಂದು ಹಬ್ಬಿದ ಬಳ್ಳಾರಿ ಜಾಲಿಯನ್ನು ಬೇರು ಸಮೇತ ತೆಗೆದರು. ಬೇರಿನ ಮೇಲ್ಭಾಗದ ಮೊಗ್ಗು ಉಳಿದರೆ ಅದು ಮತ್ತೆ ಚಿಗುರುತ್ತದೆ, ಅದಕ್ಕೇ ಅಷ್ಟು ಶ್ರಮ. ಖಾಲಿಯಾದ ಗುಂಡಿಗಳಿಗೆ ಮರುಭೂಮಿಯ ಗಿಡಗಳನ್ನೇ ನೆಟ್ಟರು.

ನಮ್ಮೂರಿನ ಪರವಾಗಿಯೂ ಮಾತಿದೆ, ಹೇಳದಿದ್ದರೆ ತಪ್ಪಾಗುತ್ತದೆ. 2021ರಲ್ಲಿ ತುರಹಳ್ಳಿ ಕಾಡನ್ನು ಟ್ರೀ ಪಾರ್ಕ್ ಮಾಡಲು ಹೊರಟಾಗ, ಆ ಕುರುಚಲು ಹಾಗೆಯೇ ಇರಲಿ ಎಂದು ಬೀದಿಗಿಳಿದವರು ಬೆಂಗಳೂರಿನವರೇ. ಸಂಕ್ರಾಂತಿಗೆ ಮಕ್ಕಳಿಗೆ ಎರೆಯುವ ಎಲಚಿ ಹಣ್ಣೂ ಮುಳ್ಳುಗಿಡದ್ದೇ. ಕವಳಿಕಾಯಿ ಉಪ್ಪಿನಕಾಯಿ ಹಾಕುವ ಅಜ್ಜಿಯರು ಇನ್ನೂ ಇದ್ದಾರೆ. ಇತ್ತ ಜೋಧ್‌ಪುರದ ಸುತ್ತಲೂ ಟ್ರಾಕ್ಟರ್ ಬಂದ ಹೊಲಗಳ ಬದುವಿನಲ್ಲಿ ಕೇರ್ ಪೊದೆ ಕಡಿಮೆಯಾಗುತ್ತಿದೆ, ಅದೂ ನಿಜ. ಬೆಂಗಳೂರಿನ ಕೆಂಪುಮಣ್ಣಿನಲ್ಲಿ ಕೇರ್ ಬೆಳೆಸುವುದು ಸುಲಭವೂ ಅಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಅರ್ಧ ಮಣ್ಣು, ಅರ್ಧ ಮರಳು ಜಲ್ಲಿ ಹಾಕಬೇಕು. ಬೀಜ ಬೇಗ ಹಾಳಾಗುತ್ತದೆ, ಆದ್ದರಿಂದ ಹಣ್ಣಾದ ಕೂಡಲೇ ತಿರುಳು ತೊಳೆದು ಬಿತ್ತಬೇಕು. ಬೇರು ಬೇಗ ಕೆಳಗಿಳಿಯುವುದರಿಂದ ಉದ್ದನೆಯ ಚೀಲವೇ ಆಗಬೇಕು, ಅಗಲ ಕುಂಡ ಬೇಡ.

ಯಲಹಂಕದ ಆ ಅಪಾರ್ಟ್‌ಮೆಂಟಿನವರಿಗೆ ಒಂದು ವಿನಂತಿ. ಕಿತ್ತ ಗುಂಡಿಯ ಮೇಲೆ ಸದ್ಯಕ್ಕೆ ಹುಲ್ಲು ಹಾಸಬೇಡಿ. ಬೇರಿನ ತುಂಡು ಉಳಿದಿದ್ದರೆ ಮಳೆ ಬಿದ್ದ ಮೇಲೆ ಅಲ್ಲಿಂದಲೇ ಮರಿ ಏಳಬಹುದು. ಎದ್ದರೆ ಮೊದಲ ಕೆಲವು ವಾರ ಅದಕ್ಕೆ ಎಲೆ ಇರುತ್ತದೆ. ಆಮೇಲೆ ಎಲೆ ಉದುರುತ್ತದೆ. ಆಗ ನೀರು ಹಾಕಬೇಡಿ.