ಅಲುಗದ ಮೇಜು

ಮೂರು ಮಿಲಿಮೀಟರ್ ದಪ್ಪದ ಸ್ಕ್ರೂ ಒಂದು ಕೈಜಾರಿ ಮೇಜಿನ ಮೇಲೆ ಉರುಳುತ್ತ ಹೋಗಿ, ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಇಳಿದು ಹುಲ್ಲಿನ ಪಾಲಾಯಿತು. ನಮ್ಮ ಮಾದರಿ ವಿಮಾನ ಸಂಘದ ಹಿರಿಯ ಸದಸ್ಯರೊಬ್ಬರು ಮಂಡಿಯೂರಿ ಅದನ್ನು ಹುಡುಕುತ್ತಲೇ, “ಈ ಸಂದಿ ಬಿಡಿಸಿದ ಮಹಾನುಭಾವರು ಯಾರು?” ಎಂದು ವಿಚಾರಿಸಿದರು. ವಿಮಾನ ಬಿಚ್ಚಿ ಜೋಡಿಸಲು, ಎಂಜಿನ್ ಚಾಲೂ ಮಾಡಲು ಬಯಲಿನಲ್ಲಿ ಸಂಘ ಇರಿಸಿಕೊಂಡ ಈ ಮೇಜಿನ ನಕ್ಷೆ ಬರೆದವನು ನಾನು. ಬಯಲಿನಲ್ಲಿ ನಿಲ್ಲುವ ಹಲಗೆಯು ಮಳೆಯಲ್ಲಿ ನೀರು ಹೀರಿ ಅಗಲಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಐದಾರು ಮಿಲಿಮೀಟರ್ ಎಡೆ ಬಿಡದೆ ಒತ್ತೊತ್ತಾಗಿ ಜೋಡಿಸಿದರೆ ನೀರು ಇಳಿಯಲು ದಾರಿಯಿಲ್ಲದೆ ಹಲಗೆಗಳು ಒಂದನ್ನೊಂದು ನೂಕಿ ಮೇಲೇಳುತ್ತವೆ ಎಂದು ನಾನು ಸವಿಸ್ತಾರವಾಗಿ ತಿಳಿಸಿದೆ. ಅವರು ತಲೆಯೆತ್ತದೆ, “ಹಾಗಾದರೆ ಆರು ಮಿಲಿಮೀಟರಿಗಿಂತ ದಪ್ಪದ ಸ್ಕ್ರೂ ಇರುವ ವಿಮಾನವನ್ನೇ ಮಾಡಬೇಕಿತ್ತು” ಎಂದರು.

ಹೊರಾಂಗಣದ ಮೇಜೊಂದನ್ನು ಸಂಘಕ್ಕಾಗಿ ಕಟ್ಟಿಸಿದವರಿಗೆ ಸಂಘಗಳ ಸ್ವಭಾವವನ್ನು ಕುರಿತು ಒಂದು ದೊಡ್ಡ ಸತ್ಯ ಹೊಳೆಯುತ್ತದೆ. ಅದನ್ನು ಹೇಳಬೇಕೆಂದೇ ಈ ಬರಹವನ್ನು ಆರಂಭಿಸಿದ್ದೇನೆ. ಅದಕ್ಕೆ ಮೊದಲು ಕಾಲುಗಳ ವಿಚಾರವನ್ನು ಮುಗಿಸಬೇಕು.

ಮೂರು ಕಾಲಿನ ಮೇಜು ಎಂಥ ಏರುಪೇರಿನ ನೆಲದಲ್ಲೂ ಕುಂಟುವುದಿಲ್ಲ. ಆದರೆ ಉದ್ದನೆಯ ಮೇಜಿಗೆ ಮೂರೇ ಕಾಲಿಟ್ಟರೆ ಮೂಲೆಗೆ ಕೈಯೂರಿದವರ ಸಮೇತ ಅದು ಮಗುಚುತ್ತದೆ. ನಾಲ್ಕು ಕಾಲು ಅನಿವಾರ್ಯವೆಂದು ಸಭೆ ಒಪ್ಪುವ ಹೊತ್ತಿಗೆ, ಗಣಿತ ಬಲ್ಲ ಸದಸ್ಯರೊಬ್ಬರು ಎದ್ದುನಿಂತು ನೆಲವನ್ನು ಸಮಮಾಡುವ ಖರ್ಚೇ ಬೇಡವೆಂದರು. ಆಯತಾಕಾರದ ಮೇಜನ್ನು ನಿಂತಲ್ಲೇ ತಿರುಗಿಸುತ್ತ ಹೋದರೆ ನಾಲ್ಕೂ ಕಾಲು ನೆಲಕ್ಕೆ ತಾಗುವ ಒಂದು ಸ್ಥಾನ ಸಿಕ್ಕೇ ಸಿಗುತ್ತದೆಂದು 2005ರಲ್ಲಿ ನಾಲ್ವರು ಗಣಿತಜ್ಞರು ಸಾಧಿಸಿ ತೋರಿಸಿದ್ದಾರಂತೆ. ಸಭೆಯು ಈ ಮಾತಿಗೆ ಎಷ್ಟು ಮನಸೋತಿತೆಂದರೆ, ನನ್ನ ನಕ್ಷೆಯನ್ನು ಮಡಿಚಿ ಪಕ್ಕಕ್ಕಿಟ್ಟರು. ಸಾಧನೆಯೇನೋ ನಿಜವೇ, ಆದರೆ ಅದಕ್ಕೆ ಷರತ್ತುಗಳಿವೆ. ನೆಲದ ಇಳಿಜಾರು ಎಲ್ಲಿಯೂ 35 ಡಿಗ್ರಿಯನ್ನು ಮೀರಬಾರದು, ಕಾಲಿನ ಉದ್ದ ಮೇಜಿನ ಕರ್ಣದ ಅರ್ಧಕ್ಕಾದರೂ ಸಮನಾಗಿರಬೇಕು. ನಮ್ಮ ಮೇಜಿನ ಉದ್ದ 240 ಸೆಂಟಿಮೀಟರ್, ಅಗಲ 90. ಕರ್ಣ 256ರಷ್ಟಾಗುತ್ತದೆ, ಅದರ ಅರ್ಧ 128. ನಿಂತು ಕೆಲಸ ಮಾಡುವವರ ಸೊಂಟಕ್ಕೆ ಹೊಂದುವಂತೆ ಕಾಲನ್ನು 90 ಸೆಂಟಿಮೀಟರಿಗೆ ನಿಲ್ಲಿಸಿದ್ದೆ. ಪ್ರಮೇಯದ ಆಶ್ರಯ ಬೇಕಿದ್ದರೆ ಸದಸ್ಯರೆಲ್ಲರೂ ಏಣಿಯ ಮೇಲೆ ನಿಂತು ಎಂಜಿನ್ ಬಿಚ್ಚಬೇಕಾಗುತ್ತಿತ್ತು.

ಇಷ್ಟಾದರೂ ಆ ಗಣಿತ ಬಲ್ಲ ಸದಸ್ಯರು ಸೋಲಲಿಲ್ಲ. ಷರತ್ತು ಮುರಿದರೂ ಫಲ ದೊರೆಯಬಹುದಲ್ಲವೇ ಎಂದರು. ದೊರೆಯಬಹುದು. ಆದರೆ ಕುಂಟದ ಮೇಜು ಸಮತಟ್ಟಾಗಿಯೂ ಇರುತ್ತದೆಂದು ಆ ಗಣಿತ ಎಲ್ಲಿಯೂ ಭರವಸೆ ಕೊಟ್ಟಿಲ್ಲ, ಚಕ್ರವಿರುವ ವಿಮಾನವು ಓರೆ ಮೇಜಿನ ಮೇಲೆ ತಾನಾಗಿ ಹೊರಟುಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ಚಾಲೂ ಮಾಡುವ ಮೇಜಿಗೆ ದಿಕ್ಕೆಂಬುದಿದೆ. ರೆಕ್ಕೆಗಳ ಮುಂಭಾಗಕ್ಕೆ ತಡೆಯಾಗಿ ಮೆತ್ತೆ ಸುತ್ತಿದ ಎರಡು ಗೂಟಗಳನ್ನು ನೆಟ್ಟಿರುತ್ತೇವೆ, ಪ್ರೊಪೆಲ್ಲರ್ ಜನರಿಲ್ಲದ ಕಡೆಗೆ ಮುಖ ಮಾಡಿರಬೇಕು, ಅದು ತಿರುಗುವ ಸಮತಲದ ನೇರದಲ್ಲಿ ಯಾರೂ ನಿಲ್ಲಬಾರದು. ಪ್ರಮೇಯವನ್ನು ಗೌರವಿಸಿ ಮೇಜನ್ನು ತಿರುಗಿಸುತ್ತ ಹೋದರೆ ಪ್ರೊಪೆಲ್ಲರ್ ಅಧ್ಯಕ್ಷರ ಕುರ್ಚಿಯನ್ನು ದಿಟ್ಟಿಸಿ ನಿಲ್ಲುವ ಸಂಭವವಿದೆ ಎಂದು ನಾನು ಸೂಚಿಸಿದ ಮೇಲೆಯೇ, ನೆಲಕ್ಕೆ ನಾಲ್ಕು ಕಾಂಕ್ರೀಟ್ ದಿಂಡುಗಳನ್ನು ಹಾಕಿಸಲು ಅಧ್ಯಕ್ಷರು ಅವಿಳಂಬವಾಗಿ ಅನುಮತಿಯಿತ್ತರು. ಮರದ ಕಾಲಿನ ಕೊಯ್ದ ತುದಿ ನೆಲದ ತೇವವನ್ನು ಬಹಳ ಬೇಗ ಹೀರುವುದರಿಂದ ದಿಂಡಿಗೂ ಕಾಲಿಗೂ ನಡುವೆ ಸತುವಿನ ಲೇಪನವಿರುವ ಉಕ್ಕಿನ ಆಸರೆ ಬೇಕೆಂಬುದನ್ನು ಅದೇ ಉಸಿರಿನಲ್ಲಿ ಮಂಜೂರು ಮಾಡಿಸಿಕೊಂಡೆ.

ನಮ್ಮ ವಿಮಾನಗಳಲ್ಲಿ ಯಾವುದೂ ಐದು ಕಿಲೋ ತೂಗುವುದಿಲ್ಲ. ಆದರೂ ಕಾಲುಗಳ ನಡುವೆ ಓರೆ ಪಟ್ಟಿಗಳನ್ನು ಕೊಟ್ಟು ತ್ರಿಕೋನ ಮಾಡಿದ್ದು, ಮೊಳೆಯ ಬದಲು ಅಗಲವಾದ ವಾಷರ್ ಹಾಕಿ ಬೋಲ್ಟ್ ಬಿಗಿಸಿದ್ದು ಗಾಳಿಗೆ ಹೆದರಿ ಅಲ್ಲ. ಮೇಜನ್ನು ಕಂಡೊಡನೆ ಅದರ ಅಂಚಿನ ಮೇಲೆ ಕುಳಿತು ಕಾಲು ತೂಗಾಡಿಸುವ ಸದಸ್ಯರಿಗೆ ಹೆದರಿ. ಕುರ್ಚಿಗಳು ಹತ್ತಡಿ ದೂರದಲ್ಲಿ ಖಾಲಿ ಇರುತ್ತವೆ. ಹೀಗೆ ಕುಳಿತವರೇ “ಮೇಜು ಸ್ವಲ್ಪ ಹಗುರವಾಗಿದ್ದರೆ ಚೆನ್ನಾಗಿತ್ತು” ಎಂದು ಸಲಹೆ ಕೊಡುವುದನ್ನು ಸಹಿಸಿಕೊಳ್ಳುವಷ್ಟು ಸಂಸ್ಕಾರ ನನಗಿನ್ನೂ ಬಂದಿಲ್ಲ. ಮರಗೆಲಸವನ್ನೇ ಮಾಡದವರಿಗೆ ಮರದ ತೂಕದ ಬಗ್ಗೆ ಇರುವಷ್ಟು ಖಚಿತವಾದ ಅಭಿಪ್ರಾಯ ಬಡಗಿಗೂ ಇರಲಾರದು.

ಸಂಘಗಳ ಸ್ವಭಾವದ ವಿಚಾರಕ್ಕೆ ಬರುವಷ್ಟರಲ್ಲಿ ಬಣ್ಣದ ವಿಚಾರ ಅಡ್ಡಬಂದಿದೆ. ಗಾಢವಾದ ಬಣ್ಣ ಬಿಸಿಲಿನಲ್ಲಿ ಬೇಗ ಕಾಯುತ್ತದೆ, ಕಾದ ಮೇಜಿನ ಮೇಲೆ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಇಡುವುದು ಕ್ಷೇಮವಲ್ಲ, ಆದ್ದರಿಂದ ತಿಳಿ ಬೂದುಬಣ್ಣವೇ ಇರಲಿ ಎಂದು ಲಿಖಿತವಾಗಿ ಕೊಟ್ಟಿದ್ದೇನೆ. ಕೊಳೆ ಕಾಣಿಸುವುದಿಲ್ಲವೆಂಬ ಕಾರಣಕ್ಕೆ ಬಹುಮತ ಕಡುಹಸಿರಿನ ಕಡೆಗಿದೆ. ಆ ಬಹುಮತದಲ್ಲಿ ಬ್ಯಾಟರಿ ವಿಮಾನ ಹಾರಿಸುವವರೇ ಹೆಚ್ಚು ಎಂಬುದನ್ನು ಮುಂದಿನ ಸಭೆಯಲ್ಲಿ ಹೆಸರು ಸಮೇತ ಓದಿಹೇಳುವ ಉದ್ದೇಶವಿದೆ.