ಸಿಂಕಿಗೆ ಆಸಿಡ್, ಬ್ಲೀಚಿಂಗ್ ಪೌಡರ್ ಒಟ್ಟಿಗೆ ಹಾಕಬೇಡಿ: ಒಂದು ಸ್ಪಷ್ಟನೆ

“ಸಿಂಕ್ ಕಟ್ಟಿಕೊಂಡಿದ್ಯಾ? ಒಂದು ಹಿಡಿ ಬ್ಲೀಚಿಂಗ್ ಪೌಡರ್, ಮೇಲೆ ಟಾಯ್ಲೆಟ್ ಆಸಿಡ್, ಕೊನೆಗೆ ಕುದಿಯುವ ನೀರು” ಎಂಬ ಸಂದೇಶ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ಅಪಾಯ ಕೂಡ.

ಟಾಯ್ಲೆಟ್ ಆಸಿಡ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣು ಉರಿ, ಕೆಮ್ಮು. ಜಾಸ್ತಿಯಾದರೆ ಶ್ವಾಸಕೋಶಕ್ಕೇ ಪೆಟ್ಟು. ಗಾಳಿಯಾಡದ ಫ್ಲ್ಯಾಟ್ ಅಡುಗೆಮನೆಯಲ್ಲಿ ಇದು ಹುಡುಗಾಟವಲ್ಲ. ಇನ್ನು ಕುದಿಯುವ ನೀರು. ಪಿವಿಸಿ ಪೈಪು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಜಾಯಿಂಟ್ ಬಿಟ್ಟುಕೊಂಡರೆ ಸೋರುವುದು ಕೆಳಗಿನ ಮನೆಯವರ ಸೀಲಿಂಗ್‌ಗೆ. ಆಮೇಲೆ ಜಗಳ ಬೇರೆ!

ಬಹಳಷ್ಟು ಸಲ ಕಟ್ಟಿಕೊಳ್ಳುವುದು ಸಿಂಕ್ ಕೆಳಗಿನ ಬಾಟಲ್ ಟ್ರ್ಯಾಪ್, ಅಂದರೆ ನೀರು ಹೋಗುವ ದಾರಿಯಲ್ಲಿರುವ ಬಾಟಲಿಯಂಥ ಭಾಗ. ಜಿಡ್ಡು, ಅನ್ನದ ಅಗುಳು, ಟೀ ಚರಟ ಎಲ್ಲ ಅಲ್ಲೇ ಕೂತಿರುತ್ತವೆ. ಕೆಳಗೆ ಬಕೆಟ್ ಇಟ್ಟು, ತಳದ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಹಳೇ ಬ್ರಷ್‌ನಲ್ಲಿ ತಿಕ್ಕಿ, ವಾಷರ್ ಸರಿಯಾಗಿ ಕೂರಿಸಿ ಮುಚ್ಚಿ. ಅಷ್ಟೇ. ಆದರೆ ಈಗಾಗಲೇ ಆಸಿಡ್ ಸುರಿದಿದ್ದರೆ ಬಿಚ್ಚಲು ಹೋಗಬೇಡಿ. ಪ್ಲಂಬರ್‌ಗೆ ಕರೆ ಮಾಡಿ, ಆಸಿಡ್ ಹಾಕಿದ್ದನ್ನು ಮೊದಲೇ ಹೇಳಿ.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಮಾಡಿಬಿಟ್ಟಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.