ಪ್ರಾರ್ಥನೆ ಮರೆತು ಉಂಡರೆ ಅನ್ನ ಅಶುದ್ಧವಾಗುವುದಿಲ್ಲ

ಊಟಕ್ಕೆ ಮುಂಚೆ ಪ್ರಾರ್ಥಿಸದಿದ್ದರೆ ಆ ಅನ್ನ ಅಶುದ್ಧ, ತಿಂದವರಿಗೆ ಕೇಡು ತಪ್ಪದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದಕ್ಕೆ ಬೈಬಲಿನ 1 ತಿಮೊಥೆಯ 4:4-5ನ್ನು ಆಧಾರ ಕೊಡುತ್ತಾರೆ. ಆದರೆ ಯೇಸುವಿನ ಅಪೊಸ್ತಲನಾದ ಪೌಲನು ಆ ಪತ್ರದಲ್ಲಿ ಹೇಳುವುದು ಇದರ ವಿರುದ್ಧ: ದೇವರು ಉಂಟುಮಾಡಿದ್ದೆಲ್ಲಾ ಒಳ್ಳೆಯದು. ಕೆಲವು ಆಹಾರಗಳನ್ನು ತಿನ್ನಲೇಬಾರದು ಎನ್ನುತ್ತಿದ್ದವರಿಗೆ ಕೊಟ್ಟ ಉತ್ತರ ಅದು. ಪ್ರಾರ್ಥನೆ ದೃಷ್ಟಿ ತೆಗೆಯುವ ಮಂತ್ರವಲ್ಲ.

ಹಾಗೆಂದು ಪ್ರಾರ್ಥನೆಯೇ ಬೇಡವೆಂದಲ್ಲ. ಯೇಸು ಐದು ರೊಟ್ಟಿ ಹಂಚುವ ಮುಂಚೆ ಸ್ತೋತ್ರ ಸಲ್ಲಿಸಿದನು (ಯೋಹಾನ 6:11). ಪೌಲನಂತೂ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ, 14 ದಿನ ಸರಿಯಾಗಿ ಉಣ್ಣದೆ ಕಂಗೆಟ್ಟಿದ್ದ 276 ಮಂದಿಯ ನಡುವೆ ರೊಟ್ಟಿ ತೆಗೆದುಕೊಂಡು, ಎಲ್ಲರೆದುರು ದೇವರ ಸ್ತೋತ್ರಮಾಡಿ, ಮುರಿದು ತಿಂದನು. ಆಗ ಉಳಿದವರಿಗೂ ಧೈರ್ಯ ಬಂತು (ಅಪೊಸ್ತಲರ ಕೃತ್ಯಗಳು 27:33-37). ಧರ್ಮೋಪದೇಶಕಾಂಡ 8:10 ಹೇಳುವುದು ಹೊಟ್ಟೆತುಂಬ ಉಂಡ ಮೇಲಿನ ಸ್ತೋತ್ರದ ಮಾತು. ಕಥೋಲಿಕರಲ್ಲಿ ಊಟದ ನಂತರದ ಪ್ರಾರ್ಥನೆಯೂ ಉಂಟು.

ಆದ್ದರಿಂದ ಅರ್ಧ ಊಟದಲ್ಲಿ ನೆನಪಾದರೆ ಗಾಬರಿಯಾಗಬೇಡಿ. ಕೈ ನಿಲ್ಲಿಸಿ, ಮನಸ್ಸಿನಲ್ಲೇ ಒಂದೆರಡು ಮಾತು ಹೇಳಿ, ಮುಂದುವರಿಸಿ. ಆಫೀಸಿನಲ್ಲಿ, ಹಾಸ್ಟೆಲ್‌ನಲ್ಲಿ ಕಣ್ಣು ಮುಚ್ಚಲೇಬೇಕೆಂದೂ ಇಲ್ಲ.

ನಿಜವಾಗಿ ಎಡವುವುದು ಬೇರೆ ಕಡೆ. ಒಂದೇ ವಾಕ್ಯ ದಿನವೂ ಬಾಯಿಪಾಠವಾಗಿ ಓಡಿಹೋಗುತ್ತದೆ, ಇಲ್ಲವೇ ಸ್ತೋತ್ರ ಎರಡೇ ಮಾತಿಗೆ ಮುಗಿದು ಬೇಡಿಕೆಯ ಪಟ್ಟಿ ಶುರುವಾಗುತ್ತದೆ. ಆ ದಿನದ ಒಂದು ಸಂಗತಿಯನ್ನು ಹೆಸರಿಟ್ಟು ಹೇಳಿ: ಇಳಿದ ಜ್ವರ, ಕೈಸೇರಿದ ಕೂಲಿ, ಸಾರು ಮಾಡಿದ ಅಮ್ಮ. ಮಕ್ಕಳಿದ್ದರೆ ಒಬ್ಬೊಬ್ಬರೂ ಒಂದೊಂದು ಹೇಳಲಿ. ಅರ್ಧ ನಿಮಿಷ ಸಾಕು. ಮರೆತ ಮಗುವನ್ನು ಶಾಪದ ಹೆಸರಲ್ಲಿ ಮಾತ್ರ ದಯವಿಟ್ಟು ಹೆದರಿಸಬೇಡಿ.